ಬೆಂಡಿನ ಸೈಕಲ್ಲು

ಅಪ್ಪ ದಿನವೂ ಅಕ್ಕನನ್ನು ತಮ್ಮ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತಾಲ್ಲೂಕು ಕಚೇರಿಗೆ ಬಿಟ್ಟು, ಅಲ್ಲಿಂದ ತಮ್ಮ ಶಾಲೆಗೆ ಹೋಗುತ್ತಿದ್ದರು. ಅಕ್ಕ ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಮಗುವಾಗಿದ್ದಾಗ ಬಂದ ಪೋಲಿಯೋ ಅವಳ ಎಡಗಾಲನ್ನು ಸಣ್ಣದಾಗಿಸಿಬಿಟ್ಟಿತ್ತು. ನಡೆಯುವಾಗ ಎಡಗೈಯಿಂದ ಮಂಡಿಯನ್ನು ಒತ್ತಿ ಹಿಡಿಯಬೇಕು, ಇಲ್ಲವಾದರೆ ಕಾಲು ಮಡಚಿಕೊಳ್ಳುತ್ತದೆ. ಶಿಕಾರಿಪುರದ ನಮ್ಮ ಮನೆಯಿಂದ ಕಚೇರಿಗೆ ನನಗೆ ಕಾಲು ಗಂಟೆಯ ದಾರಿ. ಅವಳಿಗೆ ಮುಕ್ಕಾಲು ಗಂಟೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಸಂಕ್ರಾಂತಿಗೆ ಮನೆಗೆ ಬಂದಾಗ ಅಪ್ಪನಿಗೆ ಅಂಜನಾಪುರದ ಕಡೆಯ ಶಾಲೆಗೆ ವರ್ಗವಾಗಿರುವ ಸುದ್ದಿ ಕಾದಿತ್ತು. ಮಕ್ಕಳ ಪರೀಕ್ಷೆ ಮುಗಿಯುವ ತನಕ ಇಲ್ಲೇ ಇದ್ದು, ಜೂನ್‌ನಲ್ಲಿ ಶಾಲೆ ತೆರೆದ ದಿನ ಅಲ್ಲಿಗೆ ಹಾಜರಾಗಬೇಕು. ಆಮೇಲೆ ಅವರು ಹಿಡಿಯಬೇಕಾದ ಬಸ್ಸು ಕಚೇರಿ ತೆರೆಯುವುದಕ್ಕೆ ಎಷ್ಟೋ ಮೊದಲೇ ಹೊರಡುತ್ತದೆ.

"ಬಿಟ್ಬಿಡ್ಲಿ ಬಿಡ್ರೀ ಆ ಕೆಲ್ಸಾನ. ಮನೇಲೇ ಕೂತು ಹೊಲಿಗೆ ಗಿಲಿಗೆ ಮಾಡ್ಲಿ," ಎಂದಳು ಅಮ್ಮ.

ಅಕ್ಕ ಮರುದಿನ ಯಾರಿಗೂ ಹೇಳದೆ ಬೇಗ ಎದ್ದು ನಡೆದೇ ಹೊರಟಳು. ಮಾರ್ಕೆಟ್ ಯಾರ್ಡಿನ ಮುಂದೆ ಬಿದ್ದಳು. ಅಲ್ಲಿಂದ ಎದ್ದು, ಸೀರೆಯ ಮಣ್ಣು ಕೊಡವಿಕೊಂಡು ಕಚೇರಿಗೇ ಹೋಗಿ ಸಂಜೆಯವರೆಗೆ ಟೈಪು ಮಾಡಿದಳೆಂದು ನಮಗೆ ಗೊತ್ತಾದದ್ದು ಬೇರೆಯವರಿಂದ. ಮನೆಯಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಕೆಲ್ಸ ಬಿಡು ಅಂತ ಇನ್ನೊಂದ್ಸಲ ಯಾರೂ ಅನ್ಬಾರ್ದು ನೋಡು."

ಆ ವಾರವೇ ಪಕ್ಕದ ಮನೆಯ ಲೇಡೀಸ್ ಸೈಕಲ್ಲನ್ನು ಇಬ್ಬರೂ ಮೈದಾನಕ್ಕೆ ಒಯ್ದೆವು. ಅವಳ ಎಡ ಪಾದವನ್ನು ಪೆಡಲಿಗೆ ಚರ್ಮದ ಪಟ್ಟಿಯಿಂದ ಕಟ್ಟಿದೆ. ಬಲಗಾಲಿನಿಂದ ನೆಲವನ್ನು ಒದ್ದು ಹೊರಟವಳು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಓಡಿಸಿದಳು. ತೊಂದರೆ ಬಂದದ್ದು ನಿಲ್ಲಿಸುವಾಗ. ಬಲಗಾಲು ನೆಲಕ್ಕೆ ಊರಿದ ಗಳಿಗೆಯಲ್ಲಿ ಕಬ್ಬಿಣದ ಅಷ್ಟೂ ಭಾರ ಒಂದೇ ಕಾಲಿನ ಮೇಲೆ ವಾಲುತ್ತಿತ್ತು. ಮೂರು ಸಲ ಸೈಕಲ್ಲು ಅವಳ ಮೇಲೆಯೇ ಬಿತ್ತು. ಮೂರನೆಯ ಸಲ ಅವಳು ಬಿದ್ದಲ್ಲೇ ಮಲಗಿ ಆಕಾಶ ನೋಡುತ್ತಾ, "ಏನೇ ಎಂಜಿನಿಯರಮ್ಮಾ, ಇದ್ನ ಒಂಚೂರು ಹಗುರ ಮಾಡಾಕ ಆಗಲ್ಲೇನೇ?" ಎಂದಳು.

ತಮಾಷೆಗೆ ಅಂದದ್ದು. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಕಾಲೇಜಿನಲ್ಲಿ ಆಗ ನಮಗೆ ಕಾಂಪೊಸಿಟ್‌ಗಳ ಪಾಠವಿತ್ತು. ಮಣ್ಣಿನ ಗೋಡೆಗೆ ಹುಲ್ಲು ಕಲಸಿದಂತೆ, ಎರಡು ಬೇರೆ ವಸ್ತುಗಳನ್ನು ಸೇರಿಸಿ ಎರಡಕ್ಕಿಂತಲೂ ಗಟ್ಟಿಯಾದ ಮೂರನೆಯದನ್ನು ಮಾಡುವ ವಿದ್ಯೆ. ಗಾಜಿನ ನಾರಿನ ಬಟ್ಟೆಗೆ ಅಂಟಿನಂಥ ರೆಸಿನ್ ಕುಡಿಸಿದರೆ ಅದು ಒಣಗಿ ಫೈಬರ್ ಆಗುತ್ತದೆ. ಬಸ್ಸುಗಳ ಮೂತಿ, ನೀರಿನ ಟ್ಯಾಂಕು ಎಲ್ಲ ಅದರದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪಾಠದ ಒಂದು ಸಾಲು. ಯಾವುದೇ ತೊಲೆ ಬಾಗುವಾಗ ಭಾರ ಹೊರುವುದು ಹೆಚ್ಚಾಗಿ ಅದರ ಹೊರಮೈ. ಒಳಗಿನದರ ಕೆಲಸ ಮೇಲಿನ ಮೈಯನ್ನೂ ಕೆಳಗಿನ ಮೈಯನ್ನೂ ದೂರ ದೂರ ಹಿಡಿದಿಡುವುದು. ಹಾಗಾದರೆ ಒಳಗಿನದು ಎಷ್ಟು ಹಗುರವಾಗಿದ್ದರೂ ನಡೆಯುತ್ತದಲ್ಲವೇ?

ನಾನು ಬರೆದ ಸೈಕಲ್ಲಿನ ಚಿತ್ರದಲ್ಲಿ ಕೊಳವೆಗಳೇ ಇರಲಿಲ್ಲ. ಹ್ಯಾಂಡಲ್ಲಿನ ಬುಡದಿಂದ ಹೊರಟ ಒಂದೇ ಅಗಲವಾದ ತೊಲೆ, ಪೆಡಲಿನ ಹತ್ತಿರ ನೆಲದ ಕಡೆಗೆ ಹೊಟ್ಟೆ ಬಿಟ್ಟು, ಮತ್ತೆ ಸೀಟಿನ ಕಡೆಗೆ ಏರಿ, ಹಿಂದಿನ ಚಕ್ರಕ್ಕೆ ಎರಡು ಕವಲಾಗಿ ಇಳಿಯುತ್ತದೆ. ಕಾಲು ಎತ್ತಿ ದಾಟಬೇಕಾಗಿಲ್ಲ. ಹೊಸ್ತಿಲು ದಾಟಿದಂತೆ ಒಳಗೆ ಬಂದು ನಿಲ್ಲಬಹುದು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಚಿತ್ರ, ಲೆಕ್ಕಾಚಾರ, ಒಂದು ಚಿಕ್ಕ ತುಂಡು ಸಾಕು ಎಂದರು ನಮ್ಮ ಮೇಷ್ಟ್ರು. ನನಗೆ ಸಾಲದು. ಆದರೆ ತೊಲೆಯ ಹೊಟ್ಟೆಯೊಳಗೆ ಏನನ್ನು ತುಂಬುವುದು? ಪುಸ್ತಕದಲ್ಲಿ ಹೇಳಿದ ಹಗುರವಾದ ಗಟ್ಟಿ ಫೋಮು ನಮ್ಮ ಕಡೆ ಯಾರೂ ಕಂಡದ್ದಲ್ಲ.

ಮಾಘದಲ್ಲಿ ಸೊರಬದ ಆಚೆ ಹೊಸಬಾಳೆಯಲ್ಲಿ ನೆಂಟರ ಮದುವೆಯಾಯಿತು. ಧಾರೆ ಮುಗಿದು ಗಂಡಿನ ಹಣೆಯ ಬಾಸಿಂಗ ಬಿಚ್ಚುವಾಗ ಅದರ ಒಂದು ಮೂಲೆ ಮುರಿದು ನನ್ನ ಪಕ್ಕದ ಚಾಪೆಯ ಮೇಲೆ ಬಿತ್ತು. ಎತ್ತಿಕೊಂಡೆ. ಎತ್ತಿಕೊಂಡೆ ಎನ್ನುವುದೂ ಹೆಚ್ಚಾಯಿತು, ಅಂಗೈಗೆ ಏನೂ ತಿಳಿಯಲೇ ಇಲ್ಲ. ಬಿಳಿ ಬೆಂಡು. ಉಗುರಿನಿಂದ ಒತ್ತಿದರೆ ತಗ್ಗಾಯಿತು, ಎರಡು ಬೆರಳ ನಡುವೆ ಉದ್ದಕ್ಕೆ ಹಿಡಿದು ಅಮುಕಿದರೆ ಜಗ್ಗಲಿಲ್ಲ. ಹುಟ್ಟಿದಾಗಿನಿಂದ ಮದುವೆಗಳಲ್ಲಿ ನೋಡಿದ ವಸ್ತು, ಅದುವರೆಗೆ ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ಊಟದ ಪಂಕ್ತಿಗೆ ಎಲ್ಲರೂ ಎದ್ದರೂ ನಾನು ಅದನ್ನೇ ಅಮುಕುತ್ತಾ ಕುಳಿತಿದ್ದೆ.

ಬಾಸಿಂಗ ಮಾಡಿದವರು ಸೊರಬದ ಒಬ್ಬರು ಗುಡಿಗಾರರು, ಬೆಂಡು ಗಂಧ ಕೆತ್ತುವ ಮನೆತನದವರು. ವಯಸ್ಸು ಅರವತ್ತರ ಮೇಲೆ. ಅವರ ಮನೆಯ ಜಗಲಿಯ ತುಂಬ ಬೆಂಡಿನ ಕಟ್ಟುಗಳು. ಕೆರೆಯ ಅಂಚಿನ ನೀರಿನಲ್ಲಿ ಬೆಳೆಯುವ ಗಿಡವಂತೆ, ನೀರು ಇಳಿದ ಮೇಲೆ ಕೊಯ್ದು ಒಣಗಿಸುತ್ತಾರೆ. ನಾನು ಹೋದಾಗ ಅವರು ಅಗಲವಾದ ಕತ್ತಿಯನ್ನು ನಿಶ್ಚಲವಾಗಿ ಹಿಡಿದು, ಬೆಂಡಿನ ಕೋಲನ್ನು ಅದರ ಮೇಲೆ ಉರುಳಿಸುತ್ತಿದ್ದರು. ಕೋಲು ಸುತ್ತು ಬಿಚ್ಚಿಕೊಳ್ಳುತ್ತಾ ಉದ್ದನೆಯ ಹಾಳೆಯಾಗಿ ಇಳಿಯಿತು. ಆ ಹಾಳೆಯ ಆಚೆಗಿದ್ದ ಅವರ ಬೆರಳು ನನಗೆ ಕಾಣುತ್ತಿತ್ತು. ಕಾಲೇಜಿನ ಯಾವ ಯಂತ್ರದಿಂದಲೂ ನಾನು ಅಷ್ಟು ಸಮನಾದ ತೆಳುವನ್ನು ಕಂಡಿರಲಿಲ್ಲ. ಬಂದ ಕೆಲಸ ಮರೆತು ನಿಂತೆ.

ಚಿತ್ರವನ್ನು ಬಿಚ್ಚಿ ನೆಲದ ಮೇಲೆ ಹಾಸಿದೆ. ಖಾಕಿ ಕಾಗದದ ಮೇಲೆ ನಿಜವಾದ ಅಳತೆಗೆ ಬರೆದದ್ದು.

"ಎಂತದು ಮಾರಾಯ್ತಿ ಇದು, ಕೊಕ್ಕರೆಯಾ?" ಎಂದರು.

"ಸೈಕಲ್ಲು, ಅಜ್ಜ. ಒಳಗೆ ಬೆಂಡು, ಮೇಲೆ ಫೈಬರ್."

ಒಳಗಿನಿಂದ ಅವರ ಹೆಂಡತಿ ಇಣುಕಿದರು. "ಸೈಕಲ್ಲಿಗೂ ಬಾಸಿಂಗ ಕಟ್ಟೋ ಕಾಲ ಬಂತಾ! ಹೆಣ್ಣು ಯಾವೂರಿಂದು?"

ನಾನು ಅಕ್ಕನ ವಿಷಯ ಹೇಳಿದೆ. ಅಪರಿಚಿತರ ಮುಂದೆ ಮನೆಯ ಮಾತು ಹೇಳುವವಳಲ್ಲ ನಾನು. ಎರಡೇ ವಾಕ್ಯದಲ್ಲಿ ಮುಗಿಸಿದೆ. ಅಜ್ಜ ಚಿತ್ರದ ಮೇಲೆ ಕೈಯಾಡಿಸಿ, "ಜೂನಿಗೆ ಆಗ್ಬೇಕು ಅಲ್ದಾ?" ಎಂದು ಮಾತ್ರ ಕೇಳಿದರು.

ಕೋಲುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸಿ ಅವರು ಮೊದಲನೆಯ ಅಚ್ಚನ್ನು, ಎಂದರೆ ತೊಲೆಯ ಒಳತಿರುಳನ್ನು, ಕೆತ್ತಿದರು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಶಿರಾಳಕೊಪ್ಪದಲ್ಲಿ ಹತ್ತಿದವರೊಬ್ಬರು, "ದೇವರ ಪ್ರಭಾವಳೀನೇನ್ರೀ?" ಎಂದು ಕೇಳಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಫೈಬರ್ ಕೆಲಸವನ್ನು ದಾವಣಗೆರೆಯ ಒಂದು ಬಸ್ ಬಾಡಿ ವರ್ಕ್‌ಶಾಪಿನಲ್ಲಿ ನೋಡಿ ಕಲಿತಿದ್ದೆ. ನಮ್ಮ ಹಿತ್ತಲಿನ ಖಾಲಿ ಕೊಟ್ಟಿಗೆಯಲ್ಲಿ ಕುಳಿತು, ಹ್ಯಾಂಡಲ್ಲು, ಪೆಡಲಿನ ಇರಸು, ಸೀಟು ಕೂರುವಲ್ಲಿ ಕಬ್ಬಿಣದ ಗಿಡ್ಡ ಕೊಳವೆಗಳನ್ನು ಬೆಂಡಿನೊಳಗೆ ಹೂತು, ಗಾಜಿನ ಬಟ್ಟೆ ಸುತ್ತಿ ಬ್ರಷ್ಷಿನಿಂದ ರೆಸಿನ್ ಹಚ್ಚಿದೆ. ನಾತ ಬೀದಿಯವರೆಗೆ ಹೋಯಿತು. "ಈ ಮನೇಲಿ ಇನ್ನ ದೇವರೂ ನಿಲ್ಲಂಗಿಲ್ಲ," ಎಂದು ಅಮ್ಮ ಮೂಗು ಮುಚ್ಚಿಕೊಂಡು ಓಡಾಡಿದಳು. ಮರುದಿನ ಎತ್ತಿದರೆ ಅದು ಕಬ್ಬಿಣದಷ್ಟೇ ಭಾರ. ಬೆಂಡು ಹಚ್ಚಿದ ರೆಸಿನ್ನನ್ನೆಲ್ಲ ಕುಡಿದುಬಿಟ್ಟಿತ್ತು.

ಕೊಯ್ದ ತುಂಡನ್ನು ಸೊರಬಕ್ಕೆ ಒಯ್ದು ತೋರಿಸಿದೆ. ಅಜ್ಜ ಮೂಸಿ ನೋಡಿ ಮುಖ ಕಿವಿಚಿದರು. "ಬಣ್ಣ ಹಚ್ಚುವಾಗ ನಾವು ಮೊದ್ಲು ಕಾಗದ ಅಂಟಿಸ್ತೇವೆ, ಇಲ್ದಿದ್ರೆ ಬಣ್ಣಾನೂ ಹಿಂಗೇ ಕುಡೀತದೆ. ನೀ ಹೇಳ್ಲಿಲ್ಲ, ಹಚ್ಚೋದು ಎಂತ ಅಂತ." ಅಂಟು ಸವರಿದ ತೆಳುವಾದ ಕಾಗದವನ್ನು ಬೆಂಡಿನ ಮೇಲೆ ಸುತ್ತಿ, ಬಿಸಿಲಲ್ಲಿ ಪೂರ್ತಿ ಒಣಗಿಸಿದರೆ ರೆಸಿನ್ ಒಳಗೆ ಇಳಿಯುವುದಿಲ್ಲ. ನಾನು ಎರಡು ವಾರ ಗ್ರಂಥಾಲಯದಲ್ಲಿ ಹುಡುಕಿದ ಉಪಾಯ ಅವರ ಜಗಲಿಯಲ್ಲಿ ಯಾವಾಗಲೂ ಇತ್ತು.

ಎರಡನೆಯ ಅಚ್ಚನ್ನು ತರಲು ಹೋದದ್ದು ಏಪ್ರಿಲ್‌ನಲ್ಲಿ. ಅದನ್ನು ಅವರು ಬಿಳಿ ಪಂಚೆಯಲ್ಲಿ ಮುಚ್ಚಿಟ್ಟಿದ್ದರು. ಪಂಚೆ ತೆಗೆದು ತೋರಿಸಿದರು. ತೊಲೆಯು ಸೀಟಿನ ಕಡೆಗೆ ಏರುವ ಬಾಗಿನಲ್ಲಿ, ಎರಡೂ ಬದಿಗೆ, ಒಂದು ಬಳ್ಳಿಯನ್ನು ಕೆತ್ತಿದ್ದರು. ಎಲೆ, ಮೊಗ್ಗು, ಎಲೆಯ ನರ ಎಲ್ಲ ಬೆಂಡಿನಲ್ಲಿ. ಅದರ ಮೇಲೆ ಕಾಗದವನ್ನೂ ಅಷ್ಟೇ ನಾಜೂಕಾಗಿ ಅಂಟಿಸಿದ್ದರು.

"ಬೋಳು ಸಾಮಾನು ನಮ್ಮ ಮನೆಯಿಂದ ಹೊರಗೆ ಹೋಗಿದ್ದಿಲ್ಲ," ಎಂದರು ಅಜ್ಜ. "ನಿಮ್ಮಕ್ಕ ದಿನಾ ಹತ್ತೋದು ಅಲ್ದಾ."

ಆ ಬಾಗೇ ಅತಿ ಹೆಚ್ಚು ಭಾರ ಬೀಳುವ ಜಾಗ. ಅಲ್ಲಿ ಗಾಜಿನ ಬಟ್ಟೆ ಮೈಗೆ ಅಂಟಿಕೊಂಡು ಕೂರಬೇಕು, ತಗ್ಗುಗಳಿದ್ದರೆ ಕೆಳಗೆ ಗಾಳಿ ಉಳಿಯುತ್ತದೆ, ಗಾಳಿ ಉಳಿದಲ್ಲಿ ಸೀಳುತ್ತದೆ. ಇದೆಲ್ಲ ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು, ಕುಡಿದೆ. "ತುಂಬ ಚೆನ್ನಾಗಿದೆ," ಎಂದೆ. ರೆಸಿನ್ ಹೆಚ್ಚು ಹಚ್ಚಿದರೆ ತಗ್ಗು ತುಂಬಿಕೊಳ್ಳಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಫೈಬರ್ ಹಚ್ಚಿ ಒಣಗಿದ ಮೇಲೂ ಈ ಸಲ ಅದು ನಿಜಕ್ಕೂ ಹಗುರವಾಗಿತ್ತು. ಬೀದಿಯ ಸೈಕಲ್ ಶಾಪಿನವರು ಹಳೆಯ ಚಕ್ರ, ಚೈನು, ಹ್ಯಾಂಡಲ್ಲು ಜೋಡಿಸಿಕೊಟ್ಟರು. ಜೋಡಿಸಿದ ಮೇಲೆ ಅಕ್ಕ ಅದನ್ನು ಒಂದೇ ಕೈಯಲ್ಲಿ ಎತ್ತಿ ಇಳಿಸಿ, ಮತ್ತೆ ಎತ್ತಿ, ನನ್ನನ್ನು ನೋಡಿದಳು. ಅವಳ ಮುಖವನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ.

"ಕೂತೇ ಬಿಡ್ತೀನಿ," ಎಂದಳು.

"ಮೊದ್ಲು ಭತ್ತ ಕೂರ್ಲಿ. ಆಮೇಲೆ ನೀನು," ಎಂದರು ಅಪ್ಪ.

"ಭತ್ತಕ್ಕೇನು ಗೊತ್ತಾಗ್ತತಿ ಸೈಕಲ್ ಹೆಂಗೈತಿ ಅಂತ?"

ಅವಳು ಹ್ಯಾಂಡಲ್ಲು ಬಿಡಲಿಲ್ಲ. ಅಪ್ಪ ಬಿಡಿಸಿ, ಸೀಟಿನ ಮೇಲೆ ಹಲಗೆ ಕಟ್ಟಿ ಅರೆ ಚೀಲ ಭತ್ತ ಇಟ್ಟರು. ಏನೂ ಆಗಲಿಲ್ಲ. ಇನ್ನೊಂದು ಅರೆ ಚೀಲ. ಅಕ್ಕನ ತೂಕ ದಾಟಿತು. ಮೂರನೆಯದನ್ನು ಇಡುವಾಗ ಹಪ್ಪಳ ಮುರಿದಂಥ ಸದ್ದಾಗಿ, ತೊಲೆ ಬಾಗಿನಲ್ಲಿ ಬಾಯಿ ಬಿಟ್ಟು, ಭತ್ತ ಅಂಗಳದ ತುಂಬ ಚೆಲ್ಲಿತು. ಸೀಳಿದ ಫೈಬರಿನ ಕೆಳಗೆ ಬಳ್ಳಿಯ ಎಲೆಗಳು ಒಣಕಲಾಗಿಯೇ ಇದ್ದವು. ರೆಸಿನ್ ಅವುಗಳ ತಗ್ಗನ್ನು ಮುಟ್ಟಿಯೇ ಇರಲಿಲ್ಲ.

ಅಕ್ಕ ಭತ್ತವನ್ನು ಗೋರಲು ಕುಳಿತಳು. ಅಮ್ಮ ಮೊರ ತಂದುಕೊಟ್ಟಳು. ನಾನು ಮುರಿದ ಬಾಗನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಕುಳಿತೆ. ಅವಳು ಹಟ ಮಾಡಿ ಹತ್ತಿಯೇಬಿಟ್ಟಿದ್ದರೆ ಅಂಗಳದಲ್ಲಿ ಏನೂ ಆಗುತ್ತಿರಲಿಲ್ಲ. ಎಂಟು ದಿನವೋ ತಿಂಗಳೋ ಓಡಿ, ಆಮೇಲೆ ಒಂದು ದಿನ ರಸ್ತೆಯ ನಡುವೆ, ಲಾರಿಯ ಮುಂದೆ ಮುರಿಯುತ್ತಿತ್ತು. ಗೊತ್ತಿದ್ದೂ ನಾನು ಮಜ್ಜಿಗೆ ಕುಡಿದು ಎದ್ದು ಬಂದಿದ್ದೆ.

ಮರುದಿನ ಮೊದಲ ಬಸ್ಸಿಗೆ ಸೊರಬಕ್ಕೆ ಹೋದೆ. ಮುರಿದ ಬಾಗನ್ನು ಅಜ್ಜನ ಮುಂದೆ ಇಟ್ಟೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಹೋಗಿ, "ಬಳ್ಳಿ ಇದ್ದಲ್ಲೇ ಮುರೀತು. ಮುರೀತದೆ ಅಂತ ನನಗೆ ಗೊತ್ತಿತ್ತು. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ," ಎಂದುಬಿಟ್ಟೆ.

ಅಜ್ಜ ಆ ಬಾಯಿ ಬಿಟ್ಟ ಜಾಗದಲ್ಲಿ ಬೆರಳಾಡಿಸಿದರು.

"ಕೆತ್ತಿದ್ದು ನಾನು, ಸರಿ. ಗೊತ್ತಿಲ್ದೆ ಕೆತ್ತಿದೆ. ನೀ ಗೊತ್ತಿದ್ದೂ ಸುಮ್ನಿದ್ಯಲ್ಲ ತಂಗಿ. ನನ್ನ ಬೇಜಾರು ದೊಡ್ಡದಾ, ನಿಮ್ಮಕ್ಕನ ಸೊಂಟ ದೊಡ್ಡದಾ?"

ಅವರ ಹೆಂಡತಿಯೇ ನಡುವೆ ಬಂದರು. "ಸಾಕು ಬಿಡಿ, ಹುಡುಗಿ ಅಳ್ತದೆ ಈಗ. ಬೋಳು ಕಂಡ್ರೆ ಇವರ ಕೈ ತುರಿಸ್ತದೆ ತಂಗಿ. ನನ್ನ ಒಲೆ ಊದೋ ಕೊಳವೆ ನೋಡಿದ್ಯಾ? ಅದಕ್ಕೂ ಹೂವು! ಊದುವಾಗ ತುಟಿಗೆ ಚುಚ್ತದೆ."

ಅಜ್ಜ ನಕ್ಕರು. ಆಮೇಲೆ ಒಂದು ಸೀಮೆಸುಣ್ಣ ಕೊಟ್ಟು, ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೆಲದ ಮೇಲೆ ಬರೆದು ತೋರಿಸು ಎಂದರು. ನಾನು ಬಾಣದ ಗುರುತು ಹಾಕುತ್ತಾ ಹೇಳತೊಡಗಿದೆ. ಅರ್ಧಕ್ಕೇ ಅವರು ನನ್ನನ್ನು ತಡೆದು, ಒಂದು ಬೆಂಡಿನ ಪಟ್ಟಿಯನ್ನು ತೇವ ಮಾಡಿ ತೊಲೆಯ ಆಕಾರಕ್ಕೆ ಬಗ್ಗಿಸಿ ಕಣ್ಣಿನ ಹತ್ತಿರ ಹಿಡಿದರು. "ಇಲ್ಲಿ ಮೇಲೆ ಎಳೀತದೆ. ಇಲ್ಲಿ ಒಳಗೆ ಸುಕ್ಕಾಗ್ತದೆ. ಇಲ್ಲಿ ಎರಡೂ ಇಲ್ಲ, ಸುಮ್ನೆ ಕೂತದೆ." ಅವರು ಬೆರಳಿಟ್ಟ ಮೂರೂ ಜಾಗಗಳು ನಾನು ಎಷ್ಟೋ ಹಾಳೆಗಳ ಲೆಕ್ಕದ ಕೊನೆಯಲ್ಲಿ ತಲುಪಿದ ಜಾಗಗಳೇ. ಒಂದು ಬೆರಳಗಲವೂ ಆಚೀಚೆ ಇರಲಿಲ್ಲ. ನಾನು ಸೀಮೆಸುಣ್ಣ ಕೆಳಗಿಟ್ಟೆ. ಇದಕ್ಕೆ ಮೊದಲು ಅವರಿಗೆ ಏನನ್ನೂ ವಿವರಿಸದೆ ಇದ್ದದ್ದು ಅವರಿಗೆ ಅರ್ಥವಾಗದು ಎಂದಲ್ಲವೇ, ಎಂಬ ಪ್ರಶ್ನೆ ಆಗ ಬಂತು.

ಮೇ ತಿಂಗಳೆಂದರೆ ಮದುವೆಯ ಕಾಲ, ಅವರಿಗೆ ಬಾಸಿಂಗದ ಕೆಲಸ ಕೈತುಂಬ. ದಪ್ಪನೆಯ ಬೆಂಡು ಉಳಿದಿದ್ದದ್ದೇ ಕಡಿಮೆ. ಆದರೂ ಮೂರನೆಯ ಅಚ್ಚನ್ನು ಶುರು ಮಾಡಿದರು. ಈ ಸಲ ನಾನು ಅಲ್ಲೇ ಪಕ್ಕದಲ್ಲಿ ಕುಳಿತೆ. ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಕೆಲವೊಮ್ಮೆ ಬೇಡ ಎಂದೂ ಹೇಳಿದೆ. ಬಾಗಿನಲ್ಲಿ ಕೋಲುಗಳನ್ನು ನೇರವಾಗಿ ಜೋಡಿಸದೆ ಓರೆಯಾಗಿ ಒಂದರ ಮೇಲೊಂದು ಹೆಣೆದದ್ದು ಅವರದೇ ಯೋಚನೆ. ಮೂಲೆಗಳನ್ನೆಲ್ಲ ಉರುಟು ಮಾಡಿದರು, ಮೂಲೆಯಿದ್ದಲ್ಲಿ ಕಾಗದ ಕೂರುವುದಿಲ್ಲವೆಂದು. ಕಾಗದ ಕೂರದಲ್ಲಿ ಗಾಜಿನ ಬಟ್ಟೆಯೂ ಕೂರುವುದಿಲ್ಲ. ಮುಗಿದಾಗ ಅದರ ಮೇಲೆ ಒಂದು ಗೀರೂ ಇರಲಿಲ್ಲ. ಕೆರೆಯ ನೀರಿನಿಂದ ಆಗಷ್ಟೇ ಎದ್ದ ಯಾವುದೋ ಪ್ರಾಣಿಯ ಬೆನ್ನಿನಂತೆ ನುಣ್ಣಗಿತ್ತು. ಅದು ಮೊದಲಿನದಕ್ಕಿಂತ ಚೆಂದ ಎಂದು ನನಗೆ ಅನ್ನಿಸಿತು, ಹೇಳಿಯೂ ಬಿಟ್ಟೆ. ಅಜ್ಜ ತಲೆ ಓರೆ ಮಾಡಿ ನೋಡಿ, "ಹೌದಾ? ನಂಗೇನೋ ಸ್ನಾನಕ್ಕೆ ನಿಂತವರ ಹಾಗೆ ಕಾಣ್ತದೆ," ಎಂದರು.

ಮೇ ಕೊನೆಯಲ್ಲಿ ಹೊಸ ಸೈಕಲ್ಲಿನ ಮೇಲೆ ಭತ್ತ ಕೂತಿತು. ಎರಡು ಅರೆ ಚೀಲ, ಮೂರು, ನಾಲ್ಕು. ನಾನು ಅಳತೆಪಟ್ಟಿ ಹಿಡಿದು ತೊಲೆ ಎಷ್ಟು ತಗ್ಗುತ್ತದೆಂದು ಅಳೆದೆ. ಒಂದು ದಾರದಷ್ಟು ತಗ್ಗಿ ನಿಂತಿತು. ಚೀಲ ಇಳಿಸಿದ ಮೇಲೆ ಆ ದಾರದಷ್ಟನ್ನೂ ವಾಪಸ್ಸು ಪಡೆಯಿತು. ಮತ್ತೆ ಹೇರಿ ಮೂರು ದಿನ ಹಾಗೇ ಬಿಟ್ಟೆ. ಹಾದು ಹೋಗುವಾಗಲೆಲ್ಲ ಕೂತು ಬಾಗಿಗೆ ಕಿವಿಯಿಟ್ಟು ಕೇಳುತ್ತಿದ್ದೆ. ಕಾಗದ, ಹುಣಸೆ ಬೀಜ, ಕೆರೆಯ ಗಿಡ, ಗಾಜು. ಒಂದೊಂದನ್ನೇ ಆದರೆ ನಾನು ಕೈಯಲ್ಲೇ ಮುರಿಯಬಲ್ಲೆ. ಅವೆಲ್ಲ ಸೇರಿ ಎರಡು ಚೀಲ ಭತ್ತವನ್ನು ಹೊತ್ತು ಸದ್ದಿಲ್ಲದೆ ನಿಂತಿದ್ದವು. ಲೆಕ್ಕ ನನಗೆ ಗೊತ್ತಿತ್ತು. ಆದರೂ ನಂಬಲು ಆಗುತ್ತಿರಲಿಲ್ಲ.

"ಇನ್ನೂ ಎಷ್ಟ್ ದಿನ ಭತ್ತಕ್ಕ ಸವಾರಿ ಮಾಡಿಸ್ತೀಯೇ?" ಎಂದಳು ಅಕ್ಕ.

ಮೈದಾನದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದಳು. ಶಾಲೆ ತೆರೆದ ದಿನ ಅಪ್ಪ ಬೆಳಗಿನ ಬಸ್ಸಿಗೆ ಅಂಜನಾಪುರದ ಕಡೆ ಹೋದರು. ಹೋಗುವ ಮುಂಚೆ ಸೈಕಲ್ಲಿನ ಬ್ರೇಕನ್ನು ಎರಡು ಸಲ ಒತ್ತಿ ನೋಡಿದರು. ಅಕ್ಕ ಟಿಫಿನ್ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿ, ಎಡ ಪಾದಕ್ಕೆ ಪಟ್ಟಿ ಬಿಗಿದುಕೊಂಡು, "ಹಿಂದ್ ಬರಬ್ಯಾಡ," ಎಂದು ನೆಲ ಒದ್ದು ಹೊರಟಳು.

ನಾನು ಹಿಂದೆ ಹೋದೆ. ಓಡಿದರೆ ಅವಳಿಗೆ ಕೇಳಿಸೀತೆಂದು ಓಡದೆ, ಸಾಧ್ಯವಾದಷ್ಟು ಜೋರಾಗಿ ನಡೆದೆ. ಬೆಳಿಗ್ಗೆ ಸಣ್ಣಗೆ ಮಳೆ ಬಿದ್ದು ರಸ್ತೆ ಒದ್ದೆಯಾಗಿತ್ತು. ಮಾರ್ಕೆಟ್ ಯಾರ್ಡಿನ ಗೇಟಿನ ಹತ್ತಿರ ಅವಳು ನನಗಿಂತ ಐವತ್ತು ಹೆಜ್ಜೆ ಮುಂದಿದ್ದಳು. ಆಗ ಒಳಗಿನಿಂದ ಮೂಟೆ ಹೇರಿದ ಒಂದು ಲಾರಿ ಹಿಮ್ಮುಖವಾಗಿ ರಸ್ತೆಗೆ ಬಂತು. ಕ್ಲೀನರು ಹಲಗೆ ಬಡಿಯುತ್ತಾ "ಬರ್ಲಿ ಬರ್ಲಿ" ಎನ್ನುತ್ತಿದ್ದ. ಅವನ ಬೆನ್ನು ಅಕ್ಕನ ಕಡೆಗಿತ್ತು.

ಅವಳು ಬ್ರೇಕು ಹಿಡಿದಳು. ಬಲಗಾಲು ಒದ್ದೆ ನೆಲಕ್ಕೆ ಬಂತು. ಸೈಕಲ್ಲು ಬಲಕ್ಕೆ ವಾಲಿತು, ಮೈದಾನದಲ್ಲಿ ಕಬ್ಬಿಣದ್ದು ವಾಲಿದ ಹಾಗೆಯೇ. ಆದರೆ ಇದು ಅರ್ಧಕ್ಕೆ ನಿಂತಿತು. ಅವಳು ತೊಡೆಯಿಂದ ಅದನ್ನು ಒಂದಿಷ್ಟು ತಳ್ಳಿದಳು, ಅದು ಎದ್ದು ನೆಟ್ಟಗಾಯಿತು. ಲಾರಿ ಅವಳ ಮುಂದಿನ ಚಕ್ರದ ಎದುರಿನಿಂದ ನಿಧಾನವಾಗಿ ದಾಟುವ ತನಕ ಅಕ್ಕ ಒಂದು ಕಾಲಿನ ಮೇಲೆ, ಎರಡು ಕೈಗಳ ನಡುವೆ ಸೈಕಲ್ಲನ್ನು ಇಟ್ಟುಕೊಂಡು ನಿಂತಿದ್ದಳು. ಯಾರೂ ಅವಳನ್ನು ಹಿಡಿದಿರಲಿಲ್ಲ. ಸುತ್ತ ನಿಂತವರು ಲಾರಿಯನ್ನು ನೋಡುತ್ತಿದ್ದರು. ಕೆಲಸಕ್ಕೆ ಹೊರಟ ಒಬ್ಬ ಹೆಂಗಸು ದಾರಿಗಾಗಿ ಕಾಯುತ್ತಿದ್ದಾಳೆ, ಅದರಲ್ಲಿ ಅವರಿಗೆ ನೋಡುವಂಥದ್ದೇನೂ ಇರಲಿಲ್ಲ.

ದಾರಿ ಬಿಟ್ಟಿತು. ಅವಳು ನೆಲ ಒದ್ದಳು, ಬಲಗಾಲು ಪೆಡಲಿಗೆ ಹೋಯಿತು, ಟಿಫಿನ್ ಡಬ್ಬಿ ಒಮ್ಮೆ ತೂಗಿತು. ಕಚೇರಿಯ ತಿರುವಿನಲ್ಲಿ ಮರೆಯಾದಳು.

ನಾನು ಅಲ್ಲೇ ಇದ್ದೆ. ಅಡಿಕೆ ಚೀಲ ಇಳಿಸುತ್ತಿದ್ದ ಒಬ್ಬ ಯಜಮಾನರು ನನ್ನ ಹತ್ತಿರ ಬಂದು, "ಯಾಕ್ರೀ ತಂಗೀ, ಏನಾರ ಬಿತ್ತೇನು?" ಎಂದು ಕೇಳಿದಾಗಲೇ ಗೊತ್ತಾದದ್ದು. ಐವತ್ತು ಹೆಜ್ಜೆ ದೂರದಲ್ಲಿದ್ದವಳನ್ನು ಹಿಡಿಯಲೆಂದು ನನ್ನ ಎರಡೂ ಕೈಗಳು ಇನ್ನೂ ಮುಂದಕ್ಕೆ ಚಾಚಿಕೊಂಡೇ ಇದ್ದವು.

"ಇಲ್ರೀ, ಬೀಳ್ಲಿಲ್ಲ," ಎಂದೆ.